ಸಣ್ಣ ಹಾಯಿದೋಣಿಗೆ ಏಣಿ: ಮೂರು ಮೆಟ್ಟಿಲು ಸಾಕಾ, ಸ್ಕ್ರೂ ಹಿಡಿಯುತ್ತದಾ?

ಪ್ರಶ್ನೆ: ನನ್ನದು 6.5 ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. ಹಿಂಬದಿಯ ಗೋಡೆ ನೀರಿನಿಂದ ಸುಮಾರು 70 ಸೆಂ.ಮೀ. ಎತ್ತರ ಇದೆ. ಚುಕ್ಕಾಣಿ ಆ ಗೋಡೆಯ ನಡುವಿನಲ್ಲೇ ಇದೆ, ಅದರ ಎಡಕ್ಕೆ ಔಟ್‌ಬೋರ್ಡ್ ಮೋಟಾರು. ಈಜಲು ಇಳಿದವರು ವಾಪಸ್ ಹತ್ತಲು ಏಣಿ ಬೇಕು. ಮಡಚುವ ಮೂರು ಮೆಟ್ಟಿಲಿನ ಸ್ಟೀಲ್ ಏಣಿಯೊಂದನ್ನು ನೋಡಿಟ್ಟಿದ್ದೇನೆ. ಇಲ್ಲಾ ಹಗ್ಗದ ಏಣಿಯೇ ಸಾಕಾ? ಗೋಡೆಯ ಒಳಬದಿಗೆ ಕೈ ಹೋಗುವುದಿಲ್ಲ, ಹೊರಗಿನಿಂದಲೇ ಸ್ಕ್ರೂ ಹೊಡೆದುಬಿಡಬಹುದಾ? ಮೆಟ್ಟಿಲು ಮರದ್ದು ಒಳ್ಳೆಯದಾ, ಪ್ಲಾಸ್ಟಿಕ್ಕಿನದಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೂರು ಮೆಟ್ಟಿಲು ಸಾಲದು, ನಾಲ್ಕಾದರೂ ಬೇಕು, ಐದು ಸಿಕ್ಕರೆ ಇನ್ನೂ ಒಳ್ಳೆಯದು. ಹಗ್ಗದ ಏಣಿ ಚೀಲದಲ್ಲಿ ಇರಲಿ, ಆದರೆ ಅದೊಂದನ್ನೇ ನಂಬಬೇಡಿ. ಸ್ಕ್ರೂ ಅಂತೂ ಬೇಡವೇ ಬೇಡ.

ಈಗ ವಿವರಕ್ಕೆ ಬರೋಣ. ನೀವು ಕೇಳಿರುವುದು ಈಜುವವರ ಏಣಿ. ಬಿಸಿಲಿದೆ, ದೋಣಿ ಲಂಗರು ಹಾಕಿ ನಿಂತಿದೆ, ಮೇಲೆ ಇನ್ನಿಬ್ಬರು ಇದ್ದಾರೆ. ಅಂಥ ಹೊತ್ತಲ್ಲಿ ಯಾವ ಏಣಿಯಾದರೂ ನಡೆಯುತ್ತದೆ, ಏಣಿ ಇಲ್ಲದಿದ್ದರೂ ಯಾರೋ ಕೈ ಹಿಡಿದು ಎಳೆದುಕೊಳ್ಳುತ್ತಾರೆ. ಆದರೆ ಅದೇ ಏಣಿ ಇನ್ನೊಂದು ದಿನ ಬೇರೆ ಕೆಲಸಕ್ಕೆ ಬರುತ್ತದೆ. ನೀವು ಒಬ್ಬರೇ ಹೋಗಿದ್ದೀರಿ, ಕಾಲು ಜಾರಿ ಬಿದ್ದಿದ್ದೀರಿ, ಮೈಮೇಲೆ ಒದ್ದೆ ಬಟ್ಟೆ, ಶೂ, ಲೈಫ್ ಜಾಕೆಟ್, ಅಲೆ ಬೇರೆ. ನಾನು ಏಣಿ ನೋಡುವಾಗ ಆ ಮನುಷ್ಯನನ್ನು ನೆನೆಸಿಕೊಂಡೇ ನೋಡುತ್ತೇನೆ. ಅವನಿಗೆ ಒಗ್ಗುವ ಏಣಿ ಈಜುವವರಿಗೆ ಹೇಗೂ ಒಗ್ಗುತ್ತದೆ.

ನೀರಿನಿಂದ ಮೇಲೆ ಬರುವುದು ಯಾಕೆ ಅಷ್ಟು ಕಷ್ಟ ಅಂತ ಒಮ್ಮೆ ಯೋಚಿಸಿ. ನೀರೊಳಗೆ ಇರುವಷ್ಟು ಹೊತ್ತು ನಿಮ್ಮ ತೂಕವನ್ನು ನೀರೇ ಹೊರುತ್ತದೆ. ಎದೆ ಮೇಲೆ ಬಂತು ಅಂದ ಕೂಡಲೇ ಅಷ್ಟು ತೂಕ ಕೈಗೆ ಬೀಳುತ್ತದೆ, ಸೊಂಟ ಬಂದರೆ ಇನ್ನಷ್ಟು, ಮೇಲಿಂದ ಬಟ್ಟೆಯೊಳಗೆ ನಿಂತ ನೀರಿನ ಭಾರ. ಬರೀ ಕೈಬಲದಿಂದ 70 ಸೆಂ.ಮೀ. ಗೋಡೆ ಹತ್ತಬಲ್ಲವರು ಬಹಳ ಕಡಿಮೆ. ನೀರು ತಣ್ಣಗಿದ್ದರೆ ಕಥೆಯೇ ಬೇರೆ. ತೀರಾ ತಣ್ಣನೆ ನೀರಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ಬೆರಳು, ತೋಳು ಹೇಳಿದ ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಹಾಗಾಗಿ ಹತ್ತುವ ಕೆಲಸವನ್ನು ಕಾಲು ಮಾಡಬೇಕು, ಕೈ ಬರೀ ಆಸರೆ ಹಿಡಿಯಬೇಕು. ಕಾಲು ಕೆಲಸ ಮಾಡಬೇಕು ಅಂದರೆ ಮೊದಲ ಮೆಟ್ಟಿಲು ಕಾಲಿಗೆ ಸಿಗಬೇಕು ಅಲ್ವಾ? ಅಂದರೆ ಅದು ನೀರಿನೊಳಗೆ ಚೆನ್ನಾಗಿ ಆಳದಲ್ಲಿ ಇರಬೇಕು.

ಈಗ ನಿಮ್ಮ ಮೂರು ಮೆಟ್ಟಿಲಿನ ಲೆಕ್ಕ ಹಾಕೋಣ. ಮೆಟ್ಟಿಲಿಂದ ಮೆಟ್ಟಿಲಿಗೆ 28 ಸೆಂ.ಮೀ. ಅಂತಿಟ್ಟುಕೊಳ್ಳಿ. ಮೇಲಿನ ಮೆಟ್ಟಿಲು ಗೋಡೆಯ ಅಂಚಿನಿಂದ 30 ಸೆಂ.ಮೀ. ಕೆಳಗೆ ಬಂತು ಅನ್ನಿ. ಆಗ ಮೂರನೇ ಮೆಟ್ಟಿಲು ಅಂಚಿನಿಂದ 86 ಸೆಂ.ಮೀ. ಕೆಳಗೆ. ಗೋಡೆಯೇ 70 ಇದೆ. ಉಳಿದದ್ದು ಎಷ್ಟು? 16 ಸೆಂ.ಮೀ. ತೇಲುತ್ತಿರುವ ಮನುಷ್ಯ ಅಷ್ಟು ಮೇಲಕ್ಕೆ ಪಾದ ತರಬೇಕಾದರೆ ಮೊಣಕಾಲು ಎದೆಗೆ ಬಡಿಯಬೇಕು, ಲೈಫ್ ಜಾಕೆಟ್ ಉಬ್ಬಿಕೊಂಡಿದ್ದರೆ ಅದೂ ಆಗುವುದಿಲ್ಲ. ನಾಲ್ಕು ಮೆಟ್ಟಿಲಾದರೆ 44 ಸೆಂ.ಮೀ. ಆಳ ಸಿಗುತ್ತದೆ, ಐದಾದರೆ 72. ನಾನು ಕೇಳುವುದು 55ರಿಂದ 60. ನಾಲ್ಕರದ್ದೇ ತಗೊಂಡರೆ ಏಣಿಯನ್ನು ಸ್ವಲ್ಪ ಕೆಳಗಿಳಿಸಿ ಕೂರಿಸಿ: ಮೇಲಿನ ಮೆಟ್ಟಿಲು ಅಂಚಿನಿಂದ 45 ಸೆಂ.ಮೀ. ಕೆಳಗೆ ಬಂದರೆ ಕೆಳಗಿನದು 59ಕ್ಕೆ ಮುಟ್ಟುತ್ತದೆ. ಕೊನೆಯ ಹೆಜ್ಜೆ ದೊಡ್ಡದಾಗುತ್ತದೆ, ಹೌದು. ಆದರೆ ಆ ಹೊತ್ತಿಗೆ ಕೈಗೆ ಗಟ್ಟಿ ಹಿಡಿ ಸಿಕ್ಕರೆ ಅದನ್ನು ಏರಬಹುದು. ಮೊದಲ ಹೆಜ್ಜೆಯೇ ಸಿಗದಿದ್ದರೆ ಉಳಿದ ಮೆಟ್ಟಿಲು ಎಷ್ಟಿದ್ದರೇನು.

ಆ 70 ಅನ್ನುವುದನ್ನು ಹೇಗೆ ಅಳೆದಿರಿ? ಇದೊಂದು ವಿಷಯ ಬಹಳ ಜನ ಮರೆಯುತ್ತಾರೆ. ನೀವು ಹಿಂದೆ ಕೂತು, ಟೇಪು ಇಳಿಬಿಟ್ಟು ಅಳೆದಿದ್ದರೆ ನಿಮ್ಮದೇ ತೂಕಕ್ಕೆ ದೋಣಿಯ ಹಿಂಬದಿ ಒಂದಿಷ್ಟು ತಗ್ಗಿರುತ್ತದೆ. ನೀವು ನೀರಿಗೆ ಬಿದ್ದಾಗ ಅಲ್ಲಿ ಯಾರೂ ಕೂತಿರುವುದಿಲ್ಲ, ಹಿಂಬದಿ ಮೇಲೆದ್ದಿರುತ್ತದೆ. 6.5 ಮೀಟರಿನ ಹಗುರ ದೋಣಿಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಆದ್ದರಿಂದ ದೋಣಿ ಖಾಲಿ ಇರುವಾಗ, ಪಕ್ಕದ ಕಟ್ಟೆಯಿಂದಲೋ ಇನ್ನೊಂದು ದೋಣಿಯಿಂದಲೋ ಅಳೆಯಿರಿ.

ಹಗ್ಗದ ಏಣಿ ಬಗ್ಗೆ ನನ್ನ ಕಥೆ ಕೇಳಿ. ನನ್ನ ಮೊದಲ ದೋಣಿಗೆ ಅದೇ ಇತ್ತು. ಸುಲಭ, ಸುತ್ತಿ ಮೂಲೆಗೆ ಹಾಕಿದರೆ ಆಯಿತು. ಒಂದು ದಿನ ಈಜಲು ಇಳಿದೆ, ವಾಪಸ್ ಬಂದು ಮೆಟ್ಟಿಲಿಗೆ ಕಾಲಿಟ್ಟೆ, ತೂಕ ಹಾಕಿದ ತಕ್ಷಣ ಏಣಿ ದೋಣಿಯ ಹೊಟ್ಟೆಯಡಿಗೆ ಸರಿಯಿತು, ಜೊತೆಗೆ ನನ್ನ ಕಾಲೂ. ನಾನು ನೀರಿನ ಮೇಲೆ ಅಂಗಾತ, ಕೈ ಮೇಲೆ, ಕಾಲು ದೋಣಿಯ ಕೆಳಗೆ, ನೇತಾಡಿಕೊಂಡು ಇದ್ದೆ. ಮತ್ತೆ ಪ್ರಯತ್ನ, ಮತ್ತೆ ಅದೇ. ಕೊನೆಗೆ ಮೇಲಿದ್ದ ಗೆಳೆಯ ಅಂಗಿ ಹಿಡಿದು ಎಳೆದ. ಆಮೇಲೆ ಒಂದು ವಾರ ಅವನಿಗೆ ಅದೇ ಮಾತು. ಹಗ್ಗದ ಏಣಿಗೆ ಹಿಂದೆ ಆತುಕೊಳ್ಳಲು ಏನೂ ಇಲ್ಲ, ಕಾಲು ಒತ್ತಿದ ಕಡೆ ಅದು ಹೋಗುತ್ತದೆ. ದೋಣಿಯ ತಳ ಒಳಗೆ ಬಾಗಿದಷ್ಟೂ ಹೆಚ್ಚು ಹೋಗುತ್ತದೆ. ಕೆಳಗಿನ ಮೆಟ್ಟಿಲಿಗೆ ಭಾರ ಕಟ್ಟಿದರೆ ಬೇಗ ಮುಳುಗಿ ಕಾಲಿಗೆ ಸಿಗುತ್ತದೆ ಅಷ್ಟೇ, ಒಳಗೆ ಸರಿಯುವುದು ನಿಲ್ಲುವುದಿಲ್ಲ. ಉಪಯೋಗಿಸಲೇಬೇಕಾದರೆ ಮುಖ ಏಣಿಯ ಕಡೆ ಮಾಡಬೇಡಿ. ಏಣಿಯ ಅಂಚಿನ ಕಡೆಯಿಂದ, ಅದರ ಒಂದು ಹಗ್ಗ ನಿಮ್ಮ ಎರಡು ಕಾಲಿನ ನಡುವೆ ಬರುವ ಹಾಗೆ, ಒಂದು ಪಾದ ಈಚೆಯಿಂದ ಇನ್ನೊಂದು ಆಚೆಯಿಂದ ಇಟ್ಟು ಹತ್ತಿ. ಆಗ ಮೈ ಹಗ್ಗಕ್ಕೆ ಹತ್ತಿರ ಇರುತ್ತದೆ, ಏಣಿ ಅಷ್ಟು ಓಡುವುದಿಲ್ಲ.

ಕಂಬಿಗೆ ಸಿಕ್ಕಿಸುವ, ತೆಗೆದಿಡುವ ಏಣಿಗಳೂ ಬರುತ್ತವೆ. ಈಜಿಗೆ ಪರವಾಗಿಲ್ಲ. ಆದರೆ ಒಬ್ಬರೇ ಇರುವಾಗ ಅದು ದೋಣಿಯ ಒಳಗೆ, ನೀವು ಹೊರಗೆ. ಯುರೋಪಿನ ಮನರಂಜನಾ ದೋಣಿಗಳ ನಿಯಮ, ಅಂದರೆ 2013/53 ಸಂಖ್ಯೆಯ ನಿರ್ದೇಶನ, ಇದನ್ನು ನೇರವಾಗಿ ಹೇಳುತ್ತದೆ: ವಾಪಸ್ ಹತ್ತುವ ಸಾಧನ ನೀರಲ್ಲಿರುವವನಿಗೆ, ಯಾರ ಸಹಾಯವೂ ಇಲ್ಲದೆ, ಕೈಗೆ ಸಿಗಬೇಕು ಅಥವಾ ಅವನೇ ಅದನ್ನು ಬಿಚ್ಚಿಕೊಳ್ಳಲು ಆಗಬೇಕು. ಆ ನಿಯಮ ನಿಮ್ಮ ದೋಣಿಗೆ ಅನ್ವಯಿಸಲಿ ಬಿಡಲಿ, ಕೊಳ್ಳುವ ಮುಂಚೆ ಪ್ರತಿ ಏಣಿಗೂ ಈ ಒಂದು ಪ್ರಶ್ನೆ ಕೇಳಿ ನೋಡಿ. ಅರ್ಧದಷ್ಟು ಏಣಿಗಳು ಅಲ್ಲೇ ಬಿದ್ದುಹೋಗುತ್ತವೆ.

ಉಳಿಯುವುದು ಗೋಡೆಗೆ ಬಿಗಿದ ಮಡಚುವ ಏಣಿ ಮತ್ತು ಒಂದರೊಳಗೊಂದು ಸರಿಯುವ ಟೆಲಿಸ್ಕೋಪ್ ಏಣಿ. ಎರಡನೆಯದು ಜಾಗ ಕಡಿಮೆ ತಿನ್ನುತ್ತದೆ, ನೋಡಲೂ ಚೆಂದ. ಆದರೆ ಮರಳು ಹೊಕ್ಕರೆ ಹಿಡಿದುಕೊಳ್ಳುತ್ತದೆ, ಮುಚ್ಚುವಾಗ ಬೆರಳು ಸಿಕ್ಕಿಸಿಕೊಳ್ಳುತ್ತದೆ, ಪ್ರತಿ ಸಲ ಸಿಹಿನೀರಲ್ಲಿ ತೊಳೆಯುವ ಶಿಸ್ತು ನಿಮಗಿದ್ದರೆ ಮಾತ್ರ ತಗೊಳ್ಳಿ. ನನಗಿಲ್ಲ. ನಾನು ಮಡಚುವುದನ್ನೇ ಆರಿಸುತ್ತೇನೆ. ಅದರಲ್ಲಿ ನೋಡಬೇಕಾದ್ದು: ಬಿಚ್ಚಿದಾಗ ಕೀಲು ನೇರಕ್ಕೆ ಬಂದು ನಿಲ್ಲಬೇಕು, ಅದನ್ನು ದಾಟಿ ಕೆಳಭಾಗ ದೋಣಿಯಡಿಗೆ ಮಡಚಿಕೊಳ್ಳಬಾರದು. ಪೈಪು ನೀರು ತುಂಬಿಕೊಂಡು ಮುಳುಗಬೇಕು. ತುದಿ ಮುಚ್ಚಿದ ಹಗುರ ಪೈಪಾದರೆ ಏಣಿಯ ಕೆಳಭಾಗ ತೇಲಿ ಮೇಲೆ ಬರುತ್ತದೆ, ಅದನ್ನು ಕಾಲಿಂದ ಒತ್ತಿ ಹಿಡಿದು ಹತ್ತುವುದು ದೊಡ್ಡ ಸರ್ಕಸ್ಸು. ಪೈಪಿನ ಮೇಲೆ ಕೆಳಗೆ ಸಣ್ಣ ತೂತುಗಳಿವೆಯಾ ಅಂತ ನೋಡಿ. ಸ್ಟೀಲಿನ ದರ್ಜೆ 316 ಅಂತ ಇರಲಿ. ಅದರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿಗೆ ತಡೆಯುವುದು ಅದರಿಂದಲೇ. 304ರಲ್ಲಿ ಅದು ಇರುವುದಿಲ್ಲ, ಬೇಗ ಕಂದು ಕಲೆ ಬೀಳುತ್ತದೆ. ಸಿಹಿನೀರಿನ ಕೆರೆಯಲ್ಲೇ ಓಡಾಡುವವರಿಗೆ 304 ಸಾಕು. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತೇನೆ ಅನ್ನುವವರಿಗೊಂದು ಮಾತು: ಇವೆರಡೂ ಸಾಮಾನ್ಯವಾಗಿ ಅಂಟುವುದಿಲ್ಲ, ಬಗ್ಗಿಸಿದ ಜಾಗದಲ್ಲಿ ಎರಡೂ ಸ್ವಲ್ಪ ಅಂಟಬಹುದು. ಅದರಿಂದ ಏನೂ ತಿಳಿಯುವುದಿಲ್ಲ, ಸುಮ್ನೆ ಆಟ.

ಎಲ್ಲಿ ಹಾಕುವುದು? ನಿಮ್ಮ ದೋಣಿಯಲ್ಲಿ ಬಲಗಡೆ, ಬೇರೆ ಜಾಗವೇ ಇಲ್ಲ. ಮೋಟಾರಿನ ಹತ್ತಿರ ಕಾಲು ಹೋಗಬಾರದು. ಏಣಿ ಇಳಿಸುವ ಮೊದಲು ಮೋಟಾರು ನಿಂತಿರಬೇಕು, ನ್ಯೂಟ್ರಲ್ ಅಲ್ಲ, ಪೂರ್ತಿ ಬಂದ್. ಇನ್ನು ಚುಕ್ಕಾಣಿ. ಏಣಿ ಮಡಚಿದಾಗ ಏನೂ ತೊಂದರೆ ಇಲ್ಲ, ಇಳಿಸಿದಾಗ ಚುಕ್ಕಾಣಿಯ ಹಲಗೆ ಪೂರ್ತಿ ತಿರುಗಿದರೆ ಏಣಿಯ ಕಾಲಿಗೆ ಬಡಿಯಬಹುದು. ರಟ್ಟಿನಲ್ಲಿ ಏಣಿಯ ಆಕಾರ ಕತ್ತರಿಸಿ, ಗೋಡೆಗೆ ಟೇಪಿನಲ್ಲಿ ಅಂಟಿಸಿ, ಚುಕ್ಕಾಣಿಯ ಹಿಡಿಕೆಯನ್ನು ಅತ್ತಿಂದಿತ್ತ ಪೂರ್ತಿ ತಿರುಗಿಸಿ ನೋಡಿ. ಮೋಟಾರನ್ನು ಎತ್ತಿಯೂ ನೋಡಿ, ಹಾಯಿಯ ಹಗ್ಗಗಳು ಮಡಚಿದ ಏಣಿಯ ತುದಿಗೆ ಸಿಕ್ಕಿಕೊಳ್ಳುತ್ತವಾ ಅಂತಲೂ ನೋಡಿ. ರಟ್ಟಿನ ಕೆಲಸಕ್ಕೆ ಅರ್ಧ ಗಂಟೆ ಸಾಕು, ಗೋಡೆಗೆ ಕೊರೆದ ತೂತು ಮಾತ್ರ ಶಾಶ್ವತ.

ಹಿಂಬದಿಯ ಏಣಿಗೆ ಒಂದು ನಿಜವಾದ ದೋಷ ಇದೆ, ಮುಚ್ಚಿಡುವುದಿಲ್ಲ. ಅಲೆ ಜೋರಾಗಿದ್ದರೆ ದೋಣಿಯ ಹಿಂಬದಿ ಎದ್ದು ಎದ್ದು ಬೀಳುತ್ತದೆ. ಅಡಿಯಲ್ಲಿ ತಲೆ ಇದ್ದರೆ ಪೆಟ್ಟು ಖಚಿತ. ದೋಣಿಯ ನಡುಭಾಗ ಅಷ್ಟು ಕುಣಿಯುವುದಿಲ್ಲ, ಆದ್ದರಿಂದ ದೊಡ್ಡ ದೋಣಿಗಳಲ್ಲಿ ಪಕ್ಕಕ್ಕೆ ಏಣಿ ಹಾಕುವವರಿದ್ದಾರೆ. ನಿಮ್ಮ ಅಳತೆಯ ದೋಣಿಯಲ್ಲಿ ಪಕ್ಕದ ಏಣಿಗೆ ತಳ ಬಾಗಿರುತ್ತದೆ, ಹಿಡಿಯಲು ಗಟ್ಟಿ ಕಂಬಿಯೂ ಇರುವುದಿಲ್ಲ. ಹಾಗಾಗಿ ಹಿಂಬದಿಯೇ ಇರಲಿ. ಹತ್ತುವಾಗ ನೇರ ಹಿಂದಿನಿಂದ ಬರಬೇಡಿ, ಬಲ ಮೂಲೆಯಿಂದ ಬನ್ನಿ. ಹಿಂಬದಿ ತಗ್ಗಿದಾಗ ಏಣಿಯನ್ನು ಹಿಡಿಯಿರಿ, ಅದು ಮೇಲೇಳುವಾಗ ನಿಮ್ಮನ್ನೂ ಎತ್ತುತ್ತದೆ.

ಈಗ ಬಿಗಿಯುವ ಕೆಲಸ. ನೀವು ಹೊರಗಿನಿಂದ ಸ್ಕ್ರೂ ಅಂದಿರಲ್ಲ, ಅದರ ಲೆಕ್ಕ ನೋಡಿ. 90 ಕಿಲೋ ಮನುಷ್ಯ ಮೆಟ್ಟಿಲ ಮೇಲೆ ನಿಂತಾಗ ಅವನ ತೂಕ ಗೋಡೆಯಿಂದ ಸುಮಾರು 25 ಸೆಂ.ಮೀ. ಆಚೆ ಇರುತ್ತದೆ. ಏಣಿಯ ಬ್ರಾಕೆಟ್ಟಿನಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟಿನ ನಡುವೆ 10 ಸೆಂ.ಮೀ. ಅಂತರ, ಏಣಿಯ ಕಾಲು ಕೆಳಗೆ ಎಲ್ಲೂ ಗೋಡೆಗೆ ಆತಿಲ್ಲ ಅಂತಾದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ 225 ಕಿಲೋ. ಅವನು ಜಗ್ಗಿದರೆ, ಅಲೆ ಎತ್ತಿ ಹಾಕಿದರೆ ಇನ್ನೂ ಜಾಸ್ತಿ. ಇಷ್ಟನ್ನು ನಾಲ್ಕೈದು ಮಿಲಿಮೀಟರ್ ಫೈಬರ್‌ಗ್ಲಾಸಿಗೆ ಕಚ್ಚಿದ ಸ್ಕ್ರೂವಿನ ಹಲ್ಲು ಹಿಡಿಯಬೇಕು. ಮೊದಲ ದಿನ ಹಿಡಿಯಬಹುದು, ಅದೇ ಮೋಸ. ಆಮೇಲೆ ಪ್ರತಿ ಸಲ ಒಂದು ಕೂದಲೆಳೆ ಸಡಿಲವಾಗುತ್ತಾ, ಒಳಗೆ ನೀರು ಬಿಡುತ್ತಾ, ಬೇಕಾದ ದಿನ ಕಿತ್ತು ಕೈಗೆ ಬರುತ್ತದೆ.

ಅದೇ ಏಣಿಗೆ ಬ್ರಾಕೆಟ್ಟಿನಿಂದ 40 ಸೆಂ.ಮೀ. ಕೆಳಗೆ ತುದಿಗೆ ರಬ್ಬರಿನ ಗುಬಟು ಇರುವ, ಗೋಡೆಗೆ ಆತು ನಿಲ್ಲುವ ಊರುಗಾಲು ಇದ್ದರೆ, ಆ ಕೀಳುವ ಬಲ 56 ಕಿಲೋಗೆ ಇಳಿಯುತ್ತದೆ. ನಾಲ್ಕು ಪಟ್ಟು ವ್ಯತ್ಯಾಸ! ಈ ಊರುಗಾಲನ್ನು ಗೋಡೆಗೆ ಬಿಗಿಯುವ ಅಗತ್ಯ ಇಲ್ಲ, ಒತ್ತಿಕೊಂಡಿದ್ದರೆ ಸಾಕು. ಗೋಡೆ ಆ ಜಾಗದಲ್ಲಿ ತೆಳ್ಳಗಿದ್ದರೆ ಅಡಿಯಲ್ಲಿ ಒಂದು ದಪ್ಪ ಪ್ಯಾಡು ಅಂಟಿಸಿ. ಊರುಗಾಲಿನ ಇನ್ನೊಂದು ಲಾಭ ಏನಂದರೆ ಏಣಿ ಗೋಡೆಯಿಂದ ದೂರ ನಿಲ್ಲುತ್ತದೆ. ಮೆಟ್ಟಿಲಿನ ಹಿಂದೆ 12ರಿಂದ 15 ಸೆಂ.ಮೀ. ಜಾಗ ಇದ್ದರೆ ಪಾದದ ನಡುಭಾಗ ಮೆಟ್ಟಿಲ ಮೇಲೆ ಕೂರುತ್ತದೆ. ಇಲ್ಲದಿದ್ದರೆ ಬೆರಳ ತುದಿಯಲ್ಲಿ ಹತ್ತಬೇಕು.

ಹಾಗಾಗಿ ಸ್ಕ್ರೂ ಬದಲು ಗೋಡೆಯನ್ನು ದಾಟಿ ಹೋಗುವ ಬೋಲ್ಟು ಹಾಕಿ, ಒಳಗಿನಿಂದ ನಟ್ಟು ಬಿಗಿಯಬೇಕು. ಒಳಗೆ ಕೈ ಹೋಗುವುದಿಲ್ಲ ಅನ್ನುವುದಕ್ಕೆ ಪರಿಹಾರ ಇದೆ. ಒಳಗೋಡೆಯಲ್ಲಿ 15 ಸೆಂ.ಮೀ. ಅಗಲದ ದುಂಡು ತೂತು ಕೊರೆದು ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ. ದೋಣಿ ಹಾಳುಮಾಡುತ್ತಿದ್ದೀನಾ ಅಂತ ಹೊಟ್ಟೆ ಚುರುಕ್ ಅನ್ನುತ್ತದೆ, ಗೊತ್ತು. ಆದರೆ ಆಮೇಲೆ ಅದೇ ಕಿಂಡಿಯಿಂದ ಒಳಗೆ ಗಾಳಿ ಆಡಿಸಬಹುದು, ಚುಕ್ಕಾಣಿಯ ಬೋಲ್ಟುಗಳನ್ನೂ ನೋಡಬಹುದು. ಕೊರೆಯುವ ಮುಂಚೆ ಹಿಂದೆ ವೈರು, ಪೆಟ್ರೋಲ್ ಪೈಪು ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಆಮೇಲೆ ಗೋಡೆ ಯಾವುದರದ್ದು ಅಂತ ತಿಳಿಯಬೇಕು. ಬಹಳ ದೋಣಿಗಳಲ್ಲಿ ಎರಡು ಪದರ ಫೈಬರ್‌ಗ್ಲಾಸಿನ ನಡುವೆ ಪ್ಲೈವುಡ್ಡು ಅಥವಾ ಬಾಲ್ಸಾ ಮರ ಇರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಡಬ್ ಅಂದರೆ ಅನುಮಾನ. ಮೊದಲ ತೂತಿನಿಂದ ಬರುವ ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಮುಂದುವರಿಯಿರಿ. ಕಂದು, ಒದ್ದೆ, ಹಿಂಡಿಯ ಹಾಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಏಣಿಯ ಮಾತು ಆಮೇಲೆ, ಗೋಡೆಯ ರಿಪೇರಿ ಮೊದಲು.

ಒಳ್ಳೆಯ ಮರವಾದರೂ ಬೋಲ್ಟು ನೇರವಾಗಿ ಅದನ್ನು ಮುಟ್ಟಬಾರದು. 8 ಮಿ.ಮೀ. ಬೋಲ್ಟಿಗೆ 14 ಮಿ.ಮೀ. ತೂತು ಕೊರೆಯಿರಿ, ಒಳಬದಿಯನ್ನು ಟೇಪಿನಿಂದ ಮುಚ್ಚಿ, ಮಂದ ಮಾಡುವ ಪುಡಿ ಬೆರೆಸಿದ ಎಪಾಕ್ಸಿ ಅಂಟು ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಅದರ ನಡುವೆ 8 ಮಿ.ಮೀ. ತೂತು ಹೊಸದಾಗಿ ಕೊರೆಯಿರಿ. ಆಗ ಬೋಲ್ಟು ಎಪಾಕ್ಸಿಯ ಕೊಳವೆಯೊಳಗೆ ಇರುತ್ತದೆ. ಮುಂದೊಂದು ದಿನ ಸೀಲಂಟು, ಅಂದರೆ ನೀರು ನುಗ್ಗದಂತೆ ಸಂದಿಗೆ ತುಂಬುವ ಮೆತ್ತು, ಸೋರಿದರೂ ಮರಕ್ಕೆ ನೀರು ಮುಟ್ಟುವುದಿಲ್ಲ. ಹೊರಗಿನ ಹೊಳಪು ಪದರ ಚಕ್ಕೆ ಏಳದಿರಲು ಮೇಲೆ ಟೇಪು ಅಂಟಿಸಿ, ಮೊದಲ ಒಂದೆರಡು ಮಿಲಿಮೀಟರ್ ಡ್ರಿಲ್ಲನ್ನು ಉಲ್ಟಾ ತಿರುಗಿಸಿ. ತೂತಿನ ಹೊರ ಅಂಚನ್ನು ಸ್ವಲ್ಪ ಇಳಿಜಾರಾಗಿ ಕೆರೆಯಿರಿ, ಸೀಲಂಟು ಅಲ್ಲಿ ಉಂಗುರದ ಹಾಗೆ ಕೂರುತ್ತದೆ.

ಒಳಗೆ ಬರೀ ವಾಷರ್ ಸಾಲದು. ಬ್ರಾಕೆಟ್ಟಿಗಿಂತ ಎಲ್ಲ ಕಡೆ ಎರಡು ಮೂರು ಸೆಂ.ಮೀ. ದೊಡ್ಡದಾದ ಹಿಂಪಟ್ಟಿ ಬೇಕು, 6 ಮಿ.ಮೀ. ಫೈಬರ್‌ಗ್ಲಾಸ್ ಹಲಗೆ ಅಥವಾ ಎಪಾಕ್ಸಿ ಬಳಿದ 12 ಮಿ.ಮೀ. ಪ್ಲೈವುಡ್ಡು. ಒಳಮೈ ಉಬ್ಬುತಗ್ಗಾಗಿದ್ದರೆ ಅದೇ ಮಂದ ಎಪಾಕ್ಸಿಯ ಮೇಲೆ ಒತ್ತಿ ಕೂರಿಸಿ, ಇಲ್ಲದಿದ್ದರೆ ಪಟ್ಟಿ ಎರಡೇ ಕಡೆ ತಾಗಿ ಉಳಿದದ್ದು ಗಾಳಿಯಲ್ಲಿ ನಿಲ್ಲುತ್ತದೆ. ಅದರ ಮೇಲೆ ಅಗಲ ವಾಷರ್, ನೈಲಾನ್ ಉಂಗುರ ಇರುವ ಲಾಕ್ ನಟ್ಟು. ಸ್ಟೀಲಿಗೆ ಸ್ಟೀಲು ಉಜ್ಜಿದರೆ ಹಲ್ಲು ಹಿಡಿದು ಬೆಸುಗೆ ಹಾಕಿದ ಹಾಗೆ ಆಗಿಬಿಡುತ್ತದೆ, ಆದ್ದರಿಂದ ಒಂದು ಹನಿ ಗ್ರೀಸು ಹಚ್ಚಿ, ಮೆಷಿನ್ನಿನಿಂದ ಗರಗರ ತಿರುಗಿಸಬೇಡಿ.

ಸೀಲಂಟಿನ ಬಗ್ಗೆ ಜಗಳವಾಡುವಷ್ಟು ಅಭಿಪ್ರಾಯಗಳಿವೆ. ನಾನು ನೀರಿನ ಮಟ್ಟಕ್ಕಿಂತ ಮೇಲಿನ ಬೋಲ್ಟಿಗೆ ಬ್ಯೂಟೈಲ್ ಟೇಪು, ಅಂದರೆ ಅಂಟಂಟಾದ ಮೆತ್ತನೆ ರಬ್ಬರಿನ ಪಟ್ಟಿ, ಉಪಯೋಗಿಸುತ್ತೇನೆ. ಒಂದು ಸಲಕ್ಕೇ ಬಿಗಿಯದೆ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಬಿಗಿದರೆ ಹೆಚ್ಚಿನದು ಹೊರಗೆ ಬರುತ್ತದೆ. ಪೆಟ್ರೋಲ್ ಚೆಲ್ಲುವ ಜಾಗದಲ್ಲಿ ಅದು ಬೇಡ, ಕರಗುತ್ತದೆ. ಪಾಲಿಸಲ್ಫೈಡ್ ಕೂಡ ಒಳ್ಳೆಯದೇ. 3ಎಂ 5200 ಥರದ ಶಾಶ್ವತ ಅಂಟು ಬೇಡ, ಮುಂದೆ ಏಣಿ ತೆಗೆಯಲು ಹೋದರೆ ಗೋಡೆಯ ಚರ್ಮವೇ ಕಿತ್ತು ಬರುತ್ತದೆ. ಬರೀ ಸಿಲಿಕೋನ್ ಅಂತೂ ಬೇಡ, ಒಮ್ಮೆ ಅದು ತಾಗಿದ ಜಾಗಕ್ಕೆ ಆಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ. ಬಿಗಿಯುವಾಗ ಹೊರಗಿನ ಬೋಲ್ಟಿನ ತಲೆಯನ್ನು ಒಬ್ಬರು ಅಲುಗದ ಹಾಗೆ ಹಿಡಿಯಲಿ, ಇನ್ನೊಬ್ಬರು ಒಳಗೆ ನಟ್ಟು ಮಾತ್ರ ತಿರುಗಿಸಲಿ. ಕೆಲವು ವರ್ಷಕ್ಕೊಮ್ಮೆ ಒಂದು ಬೋಲ್ಟು ತೆಗೆದು ನೋಡಿ. ಗಾಳಿ ಸಿಗದೆ ನೀರು ನಿಂತ ಜಾಗದಲ್ಲಿ 316 ಕೂಡ ಒಳಗೊಳಗೇ ಕೊರೆದುಹೋಗುತ್ತದೆ.

ಏಣಿ ಬಿಗಿದಾಯಿತು ಅಂದರೆ ಕೆಲಸ ಅರ್ಧ ಆಯಿತು. ಹಿಡಿ ಎಲ್ಲಿ? ಮೇಲಿನ ಮೆಟ್ಟಿಲಿಗೆ ಬಂದವನಿಗೆ ಹಿಡಿಯಲು ಏನೂ ಸಿಗದಿದ್ದರೆ ಅವನು ಹೊಟ್ಟೆಯ ಮೇಲೆ ಮೀನಿನ ಹಾಗೆ ಜಾರಿ ಒಳಗೆ ಬೀಳಬೇಕು, ಇಲ್ಲಾ ಹಿಂದಕ್ಕೆ. ಹಿಂಬದಿಯ ಕಂಬಿ ಬೇಲಿ ಗಟ್ಟಿಯಾಗಿದ್ದರೆ ಸಾಕು. ಇಲ್ಲದಿದ್ದರೆ ಅಂಚಿನಿಂದ ಎರಡು ಮೂರು ಗೇಣು ಒಳಗೆ ಒಂದು ಹಿಡಿಕೆಯನ್ನು, ಅದೇ ಬೋಲ್ಟು ಹಿಂಪಟ್ಟಿ ಹಾಕಿ ಕೂರಿಸಿ.

ಇನ್ನು ಬಿಚ್ಚುವ ಹಗ್ಗ. ಮಡಚಿದ ಏಣಿ ಹಾಯಿ ಓಡುವಾಗ ಬೀಳಬಾರದು, ನೀರಿನಿಂದ ಎಳೆದರೆ ಬೀಳಲೇಬೇಕು. ನಾನು ಎಲಾಸ್ಟಿಕ್ ಹಗ್ಗದ ಕುಣಿಕೆ ಹಾಕಿ, ಅದನ್ನು ಎಳೆದರೆ ಕಳಚುವ ಗಂಟಿನಲ್ಲಿ ಕಟ್ಟಿ, ಬಾಲವನ್ನು ನೀರಿನ ಮಟ್ಟಕ್ಕೆ ಒಂದು ಗೇಣು ಮೇಲೆ ಬಿಡುತ್ತೇನೆ, ತುದಿಗೊಂದು ದೊಡ್ಡ ಗಂಟು, ಮರಗಟ್ಟಿದ ಕೈಗೂ ಸಿಗುವ ಹಾಗೆ. ಪಿನ್ನು, ಚಿಲಕ ಇರುವ ಏಣಿಯಾದರೆ ಆ ಪಿನ್ನು ಚಿಲಕವನ್ನು ತೆಗೆದು ಎಸೆಯಿರಿ, ಅದು ಮೇಲಿನಿಂದ ಮಾತ್ರ ಬಿಚ್ಚುತ್ತದೆ. ಎಳೆಯುವಾಗ ನೇರ ಕೆಳಗೆ ಇರಬೇಡಿ, ಏಣಿ ತಲೆಯ ಮೇಲೆಯೇ ಬರುತ್ತದೆ.

ಆಮೇಲೆ ಒಂದು ದಿನ ನೀರು ಶಾಂತವಾಗಿರುವಾಗ, ದೋಣಿ ಕಟ್ಟಿರುವಾಗ, ಮೇಲೆ ಒಬ್ಬರನ್ನು ಕಾವಲಿಗೆ ಕೂರಿಸಿ, ಬಟ್ಟೆ, ಶೂ, ಉಬ್ಬಿದ ಲೈಫ್ ಜಾಕೆಟ್ ಸಮೇತ ನೀರಿಗಿಳಿಯಿರಿ. ಏಣಿಯನ್ನು ನೀವೇ ಬಿಚ್ಚಿ, ನೀವೇ ಹತ್ತಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವರಿಂದಲೂ ಮಾಡಿಸಿ. ನನ್ನ ಈಗಿನ ಏಣಿಯ ಹಿಡಿಕೆ ಇರುವ ಜಾಗ ಮೂರನೆಯದು, ಮೊದಲೆರಡು ಜಾಗ ಈ ಪರೀಕ್ಷೆಯಲ್ಲಿ ಫೇಲಾದವು. ಪ್ರಜ್ಞೆ ತಪ್ಪಿದವರನ್ನು ಮಾತ್ರ ಯಾವ ಏಣಿಯೂ ಎತ್ತುವುದಿಲ್ಲ. ಅದಕ್ಕೆ ಹಾಯಿ ಏರಿಸುವ ಹಗ್ಗ, ರಾಟೆ, ಸೊಂಟಪಟ್ಟಿ ಬೇಕು, ಅದು ಇನ್ನೊಂದು ಪ್ರಶ್ನೆ.

ಮೆಟ್ಟಿಲು ಮರದ್ದಾ ಪ್ಲಾಸ್ಟಿಕ್ಕಾ ಅಂದಿರಿ. ಯಾವುದಾದರೂ ಸರಿ, ಅಗಲವಾಗಿ ಚಪ್ಪಟೆ ಇರಲಿ, ಜಾರದಿರಲಿ. ಬರೀ ದುಂಡು ಪೈಪಿನ ಮೆಟ್ಟಿಲು ಬರಿಗಾಲಿಗೆ ಎಷ್ಟು ನೋಯುತ್ತದೆ ಅಂತ ತಿಳಿಯಬೇಕಾದರೆ ಅಂಗಡಿಯಲ್ಲೇ ಚಪ್ಪಲಿ ಬಿಚ್ಚಿ, ಅದರ ಮೇಲೆ ಒಂದು ನಿಮಿಷ ನಿಂತು ನೋಡಿ.